ತಗಡಿನ ನುಸಿ, ಹೊಳೆ ನುಸಿ ಮತ್ತು ನಮ್ಮ ದೊಡ್ಡತ್ತಿಗೆ

ನಮ್ಮ ದೊಡ್ಡತ್ತಿಗೆ ಅಂಗಡಿಯಿಂದ ಹಿಟ್ಟು ತಂದರೆ ಮೊದಲು ಒಂದು ಹಿಡಿಯನ್ನು ಕಪ್ಪು ಕಾಗದದ ಮೇಲೆ ಹರಡಿ, ಕೊರಳಲ್ಲಿ ನೇತಾಡುವ ಭೂತಗನ್ನಡಿ ಹಿಡಿದು ನೋಡುತ್ತಾರೆ. ಹುಳ ಸಿಕ್ಕರೆ ಅಂಗಡಿಯವನ ಗ್ರಹಚಾರ ಬಿಡಿಸುತ್ತಾರೆ. ಸಿಗದಿದ್ದರೆ, "ಇವತ್ತು ಹುಷಾರಾಗಿದಾನೆ" ಎನ್ನುತ್ತಾರೆ. ಅಂತೂ ಅವನು ಕಳ್ಳನೇ! ನಾನು ಅವರ ನಾದಿನಿ. ನನ್ನ ಮೇಲೂ ಅವರಿಗೆ ನಂಬಿಕೆಯಿಲ್ಲ. ಇರಲಿ, ನನಗೂ ಅವರೆಂದರೆ ಅಷ್ಟಕ್ಕಷ್ಟೆ.

ನನ್ನ ಇನ್ನೊಬ್ಬ ಅಣ್ಣನ ಹೆಂಡತಿ ಚಿಕ್ಕತ್ತಿಗೆ. ವಯಸ್ಸಿನಲ್ಲಿ ನನಗಿಂತ ಸಣ್ಣವಳು. ಕೆಳಗಿನ ಮನೆಯಲ್ಲಿ ದೊಡ್ಡತ್ತಿಗೆ, ಮಹಡಿಯಲ್ಲಿ ಚಿಕ್ಕತ್ತಿಗೆ, ನಡುವಿನ ಮೆಟ್ಟಿಲ ಮೇಲೆ ಇಬ್ಬರ ದೂರು ಕೇಳುತ್ತಾ ನಾನು. ಸಾಲದ್ದಕ್ಕೆ ಮೂವರೂ ದುಡಿಯುವುದು ಒಂದೇ ಕಡೆ, ನುಸಿ ಸಾಕುವ ಕಟ್ಟಡದಲ್ಲಿ.

ನಗಬೇಡಿ. ಗಿಡದ ರಸ ಹೀರುವ ಕೆಂಪು ನುಸಿ ಇದೆಯಲ್ಲ, ಅದನ್ನು ಹಿಡಿದು ತಿನ್ನುವ ಇನ್ನೊಂದು ನುಸಿಯಿದೆ, ಬೇಟೆ ನುಸಿ. ಸಾಸಿವೆ ಕಾಳಿನ ಪಕ್ಕ ಇಟ್ಟರೆ ಸಾಸಿವೆಯೇ ಆನೆ. ಹಸಿರುಮನೆಯಲ್ಲಿ ಹೂವು, ಸೌತೆ ಬೆಳೆಯುವವರು ಔಷಧಿ ಹೊಡೆಯುವ ಬದಲು ಇದನ್ನು ಕೊಂಡು ಎಲೆಗಳ ಮೇಲೆ ಉದುರಿಸುತ್ತಾರೆ. ಹುರುಳಿಕಾಯಿ ಸಸಿಗಳ ಮೇಲೆ ಕೆಂಪು ನುಸಿ ಬೆಳೆಸಿ, ಬೇಟೆ ನುಸಿಯನ್ನು ಅದರ ಮೇಲೆ ಬಿಟ್ಟು ಸಾಕುವುದು ಅತ್ತಿಗೆಯರ ಕೆಲಸ. ಬಾಟಲಿಗೆ ತುಂಬುವುದು ನನ್ನದು.

ಸಾಕುವ ಕೋಣೆಗಳು ಎರಡು. ಒಂದರಲ್ಲಿರುವುದು ತಗಡಿನ ನುಸಿ. ಹಳೇ ನರ್ಸರಿಯೊಂದರ ತಗಡಿನ ಚಾವಣಿಯ ಕೆಳಗೆ, ಕಾದ ಕಾವಲಿಯಂಥ ಸೆಕೆಯಲ್ಲಿ ಬಾಳಿ ಬಂದ ಸಂತತಿ ಅದು. ಇನ್ನೊಂದರಲ್ಲಿ ಹೊಳೆ ನುಸಿ. ಹೊಳೆದಂಡೆಯ ಪೊದೆಯಿಂದ ತಂದದ್ದು, ಚಳಿಗೆ ಜಗ್ಗುವುದಿಲ್ಲ, ಸೆಕೆ ಏರಿದರೆ ಮೊಟ್ಟೆ ಒಣಗಿಹೋಗುತ್ತದೆ. ಜಾತಿ ಒಂದೇ. ಬಣ್ಣ, ಕಾಲು, ಓಟ ಎಲ್ಲ ಒಂದೇ. ವ್ಯತ್ಯಾಸವಿರುವುದು ವಂಶವಾಹಿಯಲ್ಲಿ, ಹುಟ್ಟಿನಿಂದಲೇ ಇಳಿದುಬಂದ ಗುಣದಲ್ಲಿ. ಎರಡೂ ಸೇರಿದರೆ ಮರಿಗಳಾಗುತ್ತವೆ, ಗುಣ ಕಲಸಿಹೋಗುತ್ತದೆ, ಮತ್ತೆ ಬೇರ್ಪಡಿಸಲು ಯಾರಪ್ಪನಿಂದಲೂ ಆಗದು. ಅದಕ್ಕೇ ಒಂದು ಕೋಣೆ ಹೊಕ್ಕವರು ಮನೆಗೆ ಹೋಗಿ, ಸ್ನಾನ ಮಾಡಿ, ಮಾರನೇ ದಿನ ಬರುವವರೆಗೆ ಇನ್ನೊಂದರ ಹೊಸ್ತಿಲು ಮುಟ್ಟಬಾರದು. ತಗಡಿನ ಕೋಣೆ ದೊಡ್ಡತ್ತಿಗೆಯದು, ಅದರ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಹೊಳೆ ಕೋಣೆ ಚಿಕ್ಕತ್ತಿಗೆಯದು, ಅದಕ್ಕೆ ಬೀಗವಿರಲಿಲ್ಲ.

ತಗಡಿನ ನುಸಿಯನ್ನು ಆ ನರ್ಸರಿಯಿಂದ ಎಲೆ ಸಮೇತ ಮಡಿಲಲ್ಲಿ ಇಟ್ಟುಕೊಂಡು ತಂದವರೇ ದೊಡ್ಡತ್ತಿಗೆ. ಈಗ ಆ ನರ್ಸರಿಯೂ ಇಲ್ಲ, ಕೆಡವಿ ಗೋದಾಮು ಕಟ್ಟಿದ್ದಾರೆ. ಹಾಗಾಗಿ ಹೆತ್ತ ಮಕ್ಕಳನ್ನೂ ಅವರು ಅಷ್ಟು ಕಾದಿರಲಿಲ್ಲ. ಚಿಕ್ಕತ್ತಿಗೆ ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ಮೂಲೆಗೆ ಎಳೆದು ಹೇಳಿದ್ದರು: "ಇವಳು ಮನೇಲಿ ಫ್ರಿಜ್ ಬಾಗಿಲೇ ನೆಟ್ಟಗೆ ಹಾಕಲ್ಲ ಕಣೇ. ಇಲ್ಲಿ ಹಾಕ್ತಾಳಾ? ನೋಡ್ತಿರು."

ಆಗಾಗ ಎರಡೂ ಕೋಣೆಯಿಂದ ಒಂದಷ್ಟು ನುಸಿಗಳನ್ನು ವಂಶವಾಹಿ ಪರೀಕ್ಷೆಗೆ ಕಳಿಸುತ್ತಾರೆ. ಈ ಸಲ ಫಲಿತಾಂಶ ಬಂದಾಗ, ಕಟ್ಟಡ ನೋಡಿಕೊಳ್ಳುವ ವಿಜ್ಞಾನಿ ಮೇಡಂ ನಮ್ಮೆಲ್ಲರನ್ನೂ ಕರೆದರು. ಮುಖ ಗಂಟಿಕ್ಕಿತ್ತು.

"ತಗಡಿನ ನುಸಿಯಲ್ಲಿ ಹೊಳೆ ನುಸಿ ಬೆರೆತುಹೋಗಿದೆ. ಹೊಳೆ ನುಸಿ ಮಾತ್ರ ಶುದ್ಧವಾಗೇ ಇದೆ. ಅಂದ್ರೆ ಯಾರೋ ಆ ಕೋಣೆಯಿಂದ ಈ ಕೋಣೆಗೆ ಹೊತ್ಕೊಂಡು ಬಂದಿದಾರೆ."

ಎಲ್ಲರ ಕಣ್ಣೂ ಚಿಕ್ಕತ್ತಿಗೆಯ ಕಡೆ ತಿರುಗಿತು. "ಬೀಗದ ಕೈ ಅಕ್ಕನ ಹತ್ರ ಇರುತ್ತೆ ಮೇಡಂ. ನಾನು ಹೆಂಗೆ ಹೋಗಲಿ?" ಎಂದಳು.

"ನಾನು ಊಟಕ್ಕೆ ಕೂತಾಗ ಕದ್ದಿರ್ತಾಳೆ," ಎಂದರು ದೊಡ್ಡತ್ತಿಗೆ, ಕಣ್ಣು ಮಿಟುಕಿಸದೆ.

ಶನಿವಾರದೊಳಗೆ ವಿಷಯ ತಿಳಿಯದಿದ್ದರೆ ಚಿಕ್ಕತ್ತಿಗೆಯನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆ ಎಂದರು ಮೇಡಂ. ಅವಳ ಗಂಡ, ನನ್ನ ಅಣ್ಣ, ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಹಡಿಯ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೇ ಅವಳ ದುಡಿಮೆಯಿಂದ.

ಆ ವಾರ ಕಟ್ಟಡದಲ್ಲಿ ಯಾರೂ ಯಾರಿಗೂ ಬೆನ್ನು ತೋರಿಸಿ ಕೂರಲಿಲ್ಲ. ಬಾಟಲಿ ತೊಳೆಯುವವಳು ವಿದ್ಯುತ್ ರಿಪೇರಿಯವನನ್ನು ದುರುಗುಟ್ಟಿ ನೋಡಿದಳು, ಅವನು ನನ್ನನ್ನು ನೋಡಿದ. ಮನೆಯಲ್ಲಂತೂ ದೊಡ್ಡತ್ತಿಗೆ ಹಗ್ಗದ ಮೇಲೆ ಒಣಗಿದ್ದ ಚಿಕ್ಕತ್ತಿಗೆಯ ಬಟ್ಟೆಯ ಜೇಬು ತಡಕಾಡುತ್ತಿದ್ದರು.

"ಏನಾದ್ರೂ ಸಿಕ್ತಾ ಅಕ್ಕ?" ಎಂದು ಮೇಲಿಂದ ಕೇಳಿದಳು ಚಿಕ್ಕತ್ತಿಗೆ.

"ಸಿಗೋ ಹಾಗೆ ಇಟ್ಕೊಳ್ಳೋಳಾ ನೀನು?"

ಶನಿವಾರ ಮೇಡಂ ಮತ್ತೆ ಕೂರಿಸಿಕೊಂಡರು. ದೊಡ್ಡತ್ತಿಗೆ ಕೆಂಡಾಮಂಡಲವಾಗಿದ್ದರು. ಚಿಕ್ಕತ್ತಿಗೆ ಕೋಟು ಕೊಡವುವುದಿಲ್ಲ, ನುಸಿ ದಾಟದಂತೆ ಸಸಿ ತಟ್ಟೆಯ ಸುತ್ತ ಬಿಡುವ ಸೋಪಿನ ನೀರು ಕಡಿಮೆ ಮಾಡುತ್ತಾಳೆ, ಕಿತ್ತ ಎಲೆ ನೆಲದಲ್ಲೇ ಬಿಡುತ್ತಾಳೆ ಎಂದು ಒಂದೇ ಉಸಿರಿಗೆ ಒದರಿದರು. ಕೊನೆಗೆ ಮೇಡಂ, "ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದರು.

"ಗೊತ್ತಿಲ್ದೆ ಏನು? ದಿನಾ ಬೆಳಗ್ಗೆ ಇವಳು ಬರೋಕೆ ಮುಂಚೆ ನಾನೇ ಆ ಕೋಣೆಗೆ ಹೋಗಿ ಒಂದೊಂದು ಎಲೆನೂ ತಿರುಗಿಸಿ ನೋಡ್ತೀನಲ್ಲ!"

ಚಿಕ್ಕತ್ತಿಗೆ ತಟ್ಟನೆ ತಲೆಯೆತ್ತಿದಳು.

"ನೋಡಿ ಆದ್ಮೇಲೆ ಎಲ್ಲಿಗೆ ಹೋಗ್ತೀರಿ?" ಮೇಡಂ ಮೆಲ್ಲಗೆ ಕೇಳಿದರು.

"ನನ್ನ ಕೋಣೆಗೆ..." ಎಂದ ದೊಡ್ಡತ್ತಿಗೆಯ ಮಾತು ಅಲ್ಲಿಗೇ ನಿಂತಿತು. ಆಮೇಲೆ ಗಡಿಬಿಡಿಯಲ್ಲಿ, "ಕೈ ತೊಳ್ಕೋತೀನಿ! ಕೋಟು ಬದಲಾಯಿಸ್ತೀನಿ! ತಲೆಗೆ ಟೋಪಿ ಹಾಕ್ತೀನಿ!" ಎಂದರು. ಸುಳ್ಳಲ್ಲ, ಅಷ್ಟನ್ನೂ ಮಾಡುತ್ತಿದ್ದರು.

ಮೇಡಂ ಕೈಚಾಚಿ ಭೂತಗನ್ನಡಿ ಕೇಳಿದರು. ಅದರ ಉಣ್ಣೆದಾರವನ್ನು ಕಪ್ಪು ಕಾಗದದ ಮೇಲೆ ಬ್ರಷ್ಷಿನಿಂದ ಉಜ್ಜಿ, ಅದೇ ಭೂತಗನ್ನಡಿಯನ್ನು ದೊಡ್ಡತ್ತಿಗೆಯ ಕೈಗೆ ಕೊಟ್ಟರು. ನಾನೂ ಬಗ್ಗಿ ನೋಡಿದೆ. ಧೂಳಿನ ನಡುವೆ ಒಂದು ಚುಕ್ಕಿ ಎದ್ದು ಓಡುತ್ತಿತ್ತು. ಹಿಟ್ಟಿನಲ್ಲಿ ಹುಳ ಕಂಡರೆ ಕೂಗಾಡುವ ನಮ್ಮ ದೊಡ್ಡತ್ತಿಗೆ ಭೂತಗನ್ನಡಿಯನ್ನು ಕೆಳಗಿಟ್ಟರು. "ನನ್ನ ಕೈಯಾರೆ ಹಾಳು ಮಾಡ್ಕೊಂಡೆ," ಎಂದು ಬಿಕ್ಕಿ ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಅಳು ಬಂತು, ಏನು ಮಾಡಲಿ.

ಈಗ ಕೆಲಸ ಹೋಗಬೇಕಾದವರು ಅವರು. ಚಿಕ್ಕತ್ತಿಗೆ ಅಡ್ಡ ಬಂದಳು. "ತೆಗೀಬೇಡಿ ಮೇಡಂ. ಆದ್ರೆ ಬೀಗದ ಕೈ ನನ್ನ ಹತ್ರ ಇರಲಿ." ಮೇಡಂ ಒಪ್ಪಿದರು. ತಗಡಿನ ಕೋಣೆಯನ್ನು ಖಾಲಿ ಮಾಡಿ ತೊಳೆದರು. ಬೇರೆ ಕಡೆಯ ಸೆಕೆಯ ಜಾಗದಿಂದ ಹೊಸ ನುಸಿ ತಂದು ಬಿಟ್ಟಿದ್ದಾರೆ. ಹಳೆಯದು ಹೋದದ್ದು ಹೋಯಿತು.

ದೊಡ್ಡತ್ತಿಗೆ ಈಗ ದಿನಾ ಬೆಳಗ್ಗೆ ತಮ್ಮ ಕೋಣೆಯ ಬಾಗಿಲ ಮುಂದೆ ಕೈ ಅಗಲಿಸಿ ನಿಲ್ಲುತ್ತಾರೆ. ಚಿಕ್ಕತ್ತಿಗೆ ಇನ್ನೂ ಹೊಳೆ ಕೋಣೆ ಹೊಕ್ಕಿರುವುದಿಲ್ಲ, ಮೊದಲು ಇವರನ್ನು ತಪಾಸಣೆ ಮಾಡುತ್ತಾಳೆ. ಜೇಬು, ತೋಳು, ಕೊರಳು, ಬೈತಲೆ ಒಂದನ್ನೂ ಬಿಡುವುದಿಲ್ಲ. ಮೊದಮೊದಲು ಅವಳಿಗೆ ಸಂಕೋಚವಿತ್ತು. ಈಗಿಲ್ಲ.

ಮೊನ್ನೆ ಅವಳು ಬೀಗ ತೆಗೆದ ಮೇಲೆ ನಾನು ನಗುತ್ತಾ, "ಇನ್ನಾದ್ರೂ ಅವರನ್ನ ನಂಬು ಮಾರಾಯ್ತಿ, ಪಾಪ," ಎಂದೆ. ಅವಳು ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

"ನೀನು ಇಷ್ಟು ಬೇಗ ಯಾಕೆ ಬಂದೆ ಇವತ್ತು?"