ಹರಿದ ಜಾಗ ಹುಡುಕಿದವಳು

ಡ್ರೈ ಕ್ಲೀನಿಂಗ್ ಅಂಗಡಿಯ ಕಿಟಕಿಯ ಪಕ್ಕ ಕೂತು ಹರಿದ ಬಟ್ಟೆಗೆ ರಫೂ ಹಾಕುವ ಹೆಂಗಸನ್ನು ಬೀದಿಯವರೆಲ್ಲ ರಫೂ ಅಕ್ಕ ಎಂದೇ ಕರೆಯುತ್ತಿದ್ದರು. ಹೊರಗಿನ ದಾರ ತಂದು ಹೊಲಿಯುವುದು ಅವಳಿಗೆ ಆಗಿಬರದು. ಬಟ್ಟೆಯನ್ನು ತಿರುವಿ, ಒಳಮಡಿಕೆಯಿಂದ ಅದರದೇ ಎಳೆ ಬಿಡಿಸಿಕೊಂಡು, ಉದ್ದಕ್ಕೂ ಅಡ್ಡಕ್ಕೂ ನೇಯ್ದುಬಿಡುವಳು. ಆಮೇಲೆ ಬೆರಳಿಂದ ಸವರಿದರೂ ಗುರುತು ಸಿಗಬಾರದು.

“ಅಕ್ಕ, ನೀನು ಕೈ ಹಾಕಿದ್ರೆ ಇಲಿಗೇ ಅನುಮಾನ ಬರುತ್ತೆ, ನಾನು ಕಡಿದಿದ್ದು ಕನಸಲ್ಲೇನೋ ಅಂತ,” ಎಂದು ಇಸ್ತ್ರಿಯವನು ನಗಿಸುತ್ತಿದ್ದ.

ಆ ಕೈಯೇ ಅವಳಿಗೆ ಮೋಸ ಮಾಡಿತು.

ಗಂಡ ತೀರಿಕೊಂಡ ಮೇಲೂ ಅವನ ಉಣ್ಣೆಯ ಕೋಟು ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಮೊಣಕೈ ಹತ್ತಿರ ಒಂದು ಹರುಕು. ಬಸ್ಸಿನ ಸೀಟಿಗೆ ಸಿಕ್ಕಿಸಿಕೊಂಡು ಬಂದವನು, “ಊರಿನವರ ಬಟ್ಟೆಗೆಲ್ಲ ಪುರುಸೊತ್ತಿದೆ, ನನ್ನದಕ್ಕೆ ಮಾತ್ರ ನಾಳೆ, ನಾಳೆ” ಎಂದು ಛೇಡಿಸಿದ್ದ. ಆ ನಾಳೆ ಬರುವ ಮೊದಲೇ ಹೋಗಿಬಿಟ್ಟ. ಅವಳು ದಿನಾ ಸಂಜೆ ಆ ಹರುಕಿನೊಳಗೆ ಬೆರಳು ತೂರಿಸಿ ಒಂದು ಗಳಿಗೆ ನಿಲ್ಲುವಳು. ಒಳಗಿನಿಂದ ಅವನ ಮೊಣಕೈ ತಾಗಿದಂತಾಗುವುದು.

ಒಂದು ರಜೆಯ ಮಧ್ಯಾಹ್ನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನಸ್ಸು ಎಲ್ಲೋ ಇತ್ತು, ಕೈ ಮಾತ್ರ ಸೂಜಿ ಹಿಡಿದಿತ್ತು. ಮೈಮೇಲೆ ಎಚ್ಚರ ಬಂದಾಗ ಹರುಕು ಇರಲಿಲ್ಲ. ಬೆಳಕಿಗೆ ಹಿಡಿದಳು, ತಿರುವಿದಳು, ತಡವಿದಳು. ಎಷ್ಟೋ ಜನರ ಬಟ್ಟೆಯಲ್ಲಿ ಹರುಕು ಕಾಣದಂತೆ ಮಾಡಿ ಹೊಗಳಿಸಿಕೊಂಡವಳಿಗೆ ತನ್ನದೇ ಕೆಲಸ ಕಾಣಲಿಲ್ಲ. ಗಂಡ ಇನ್ನೊಮ್ಮೆ ಸತ್ತನೆಂಬಂತೆ ಅತ್ತಳು.

ಅದೇ ವಾರ ನಾದಿನಿ ಬಂದಳು. ಗಂಡನ ಕಡೆಯವರೆಂದು ಉಳಿದಿದ್ದವಳು ಅವಳೊಬ್ಬಳೇ.

“ಅತ್ತಿಗೆ, ಅಣ್ಣಂದು ಅಂತ ನನ್ನ ಹತ್ರ ಒಂದು ಗುಂಡೀನೂ ಇಲ್ಲ. ಆ ಕೋಟು ಕೊಡ್ತೀಯಾ?”

“ಅದೊಂದು ಬಿಟ್ಟು ಏನಾದ್ರೂ ಕೇಳು.”

“ಅದೊಂದು ಬಿಟ್ಟು ಇನ್ನೇನಿದೆ ಇಲ್ಲಿ? ನಿನಗೆ ಮದುವೆ ಆದ್ಮೇಲೆ ಗಂಡ. ನಂಗೆ ಹುಟ್ಟಿದಾಗಿಂದ ಅಣ್ಣ.”

ಮುಖ ಊದಿಸಿಕೊಂಡು ಎದ್ದುಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಪಕ್ಕದ ಬೀದಿಯ ಮಹಡಿಯ ಕೋಣೆಯಲ್ಲಿ ವಯಸ್ಸಾದ ಬೌದ್ಧ ಭಿಕ್ಷುಣಿಯೊಬ್ಬರಿದ್ದರು. ಬಂದವರ ಮಾತನ್ನು ಪೂರ್ತಿ ಕೇಳುವರು. ರಫೂ ಅಕ್ಕ ಅವರ ಮುಂದೆ ಕೋಟು ಹರವಿದಳು.

“ಅಮ್ಮ, ಅವರಿದ್ದ ಜಾಗವನ್ನ ನಾನೇ ಮುಚ್ಚಿಬಿಟ್ಟೆ.”

ಭಿಕ್ಷುಣಿ ಸಮಾಧಾನದ ಮಾತು ಹೇಳಲಿಲ್ಲ. “ಹರಿದ ಬಟ್ಟೆ ಬಂದ್ರೆ ಮೊದಲು ಏನ್ಮಾಡ್ತೀಯ, ತಾಯಿ?”

“ತಿರುವಿ ನೋಡ್ತೀನಿ. ಎಲ್ಲಿಂದ ಶುರುವಾಯ್ತು, ಯಾವ ಎಳೆ ಇನ್ನೂ ಬಿಚ್ಚಿಕೊಳ್ತಾ ಇದೆ ಅಂತ.”

“ಯಾಕೆ ಹರಿದೆ ಅಂತ ಬಟ್ಟೆ ಜೊತೆ ಜಗಳ ಆಡಲ್ವಾ?”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಬುದ್ಧ ಇದನ್ನೇ ಯೋನಿಸೋ ಮನಸಿಕಾರ ಅಂದ. ಬುಡ ಹಿಡಿದು ಗಮನಿಸೋದು. ಹಂಬಲ ಬಂದ್ರೆ ಓಡಿಸಬೇಡ, ಮುದ್ದೂ ಮಾಡಬೇಡ. ಎಲ್ಲಿಂದ ಎದ್ದಿತು, ಏನು ತಿಂದು ಬೆಳೀತಾ ಇದೆ, ಅಷ್ಟು ನೋಡು.”

ಅವಳು ನೋಡತೊಡಗಿದಳು. ಸಂಜೆ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದಾದರೆ ಎದೆಯೊಳಗೆ ಏನೋ ತಟ್ಟನೆ ಎದ್ದು ನಿಲ್ಲುತ್ತಿತ್ತು. ಮೆತ್ತಗಿನ, ಬಿಸಿಯಾದ ಒಂದು ನೋವು. ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಕೂರುತ್ತಿತ್ತು. ಆದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು: ಕೇಳಿದ ದಿನವೇ ಹೊಲಿದುಕೊಡಬೇಕಿತ್ತು, ಮೊದಲೇ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಅವಳನ್ನು ಹಿಂಡುತ್ತಿದ್ದುದು ಈ ಎರಡನೆಯದು. ಹರುಕಿಗೆ ಬೆರಳಿಟ್ಟಾಗಲೆಲ್ಲ ತಾನು ಇದಕ್ಕೇ ತುತ್ತು ಕೊಡುತ್ತಿದ್ದೆ ಎಂದು ಒಂದು ಸಂಜೆ ಅವಳಿಗೆ ಕಂಡಿತು. ಆ ತುತ್ತು ಇನ್ನು ಬೇಡವೆಂದು ಕೋಟು ಮಡಿಚಿ ನಾದಿನಿಯ ಮನೆಗೆ ನಡೆದಳು.

ಕೊಡುವಾಗ ಕೈ ಬಿಡಲು ಒಪ್ಪಲಿಲ್ಲ. ಅದನ್ನೂ ನೋಡಿದಳು. ಆಮೇಲೆ ಬಿಟ್ಟಳು.

ನಾದಿನಿ ಅಲ್ಲೇ ತೊಟ್ಟುಕೊಂಡಳು. ತೋಳು ಬೆರಳನ್ನೂ ನುಂಗಿತು.

“ಹೇಗೆ ಕಾಣ್ತೀನಿ?”

“ಬೆದರುಬೊಂಬೆ ಹಾಗೆ.”

ನಕ್ಕವಳು ಕಾಲರಿಗೆ ಮುಖ ಒತ್ತಿಕೊಂಡಳು. ಆಮೇಲೆ ಹೇಳಿದಳು: “ಅಣ್ಣಂಗೆ ಕತ್ತಲೆ ಅಂದ್ರೆ ಜೀವ ಹೋಗ್ತಿತ್ತು. ಚಿಕ್ಕವಳು ನಾನು, ನನ್ನ ಜಡೆ ಹಿಡ್ಕೊಂಡು ಮಲಗ್ತಿದ್ದ. ನಿಂಗೆ ಹೇಳಿದ್ನಾ?”

“ಇಲ್ಲ. ನನ್ನ ಹತ್ರ ದೊಡ್ಡ ಧೈರ್ಯಸ್ಥ.”

ತಾನು ಕಾಣದ ಆ ಹುಡುಗನಿಗಾಗಿ ರಫೂ ಅಕ್ಕನ ಎದೆಯಲ್ಲಿ ಹಂಬಲ ಹೊಸದಾಗಿ ಎದ್ದಿತು. ಅವಳು ಅದನ್ನು ಬರಗೊಟ್ಟಳು.

“ಇನ್ನೂ ಹೇಳು,” ಎಂದು ನಾದಿನಿಯ ಪಕ್ಕ ನೆಲದ ಮೇಲೆ ಕೂತಳು.