ನಮ್ಮ ಬೀಗರು ಎಂಬ ಪುಟ

ಬೆಳಿಗ್ಗೆ ಚಹಾ ಸೋಸುವ ಮೊದಲು ಫೋನಿನಲ್ಲಿ ‘ಬೆಟಗೇರಿ ಕೈಮಗ್ಗದ ಸೀರೆ’ ಎಂದು ಬರೆದು ಹುಡುಕುವುದು ನನಗೆ ಅಂಟಿದ ಚಟ. ಮೊದಲ ಪುಟದಲ್ಲಿ ಎರಡನೆಯದೋ ಮೂರನೆಯದೋ ಆಗಿ ನಮ್ಮ ಮನೆಯ ವೆಬ್‌ಸೈಟ್ ಕಾಣಿಸಿದರೆ ಆಮೇಲೆ ಚಹಾ. ಹೋದ ವರ್ಷ ಶ್ರಾವಣದ ಒಂದು ಸೋಮವಾರ ಅದು ಕಾಣಿಸಲಿಲ್ಲ. ಎರಡನೇ ಪುಟ ನೋಡಿದೆ, ಐದನೆಯದು ನೋಡಿದೆ. ಹನ್ನೊಂದನೇ ಪುಟಕ್ಕೆ ಬರುವಷ್ಟರಲ್ಲಿ ಚಹಾ ಉಕ್ಕಿ ಒಲೆ ಆರಿತ್ತು. ನಮ್ಮ ಹೆಸರು ಎಲ್ಲೂ ಇರಲಿಲ್ಲ.

ಹೊರಗಿನವರಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಕ್ಕಿಲ್ಲ. ನಮ್ಮ ಮನೆಯೊಳಗೆ ಬಂದರೆ ತಿಳಿಯುತ್ತದೆ. ಬಾಗಿಲು ದಾಟಿದ ಕೂಡಲೇ ಸಿಗುವ ಪಡಸಾಲೆಯಲ್ಲಿ, ನೆಲ ಅಗೆದು ಕೂರಿಸಿದ ಕುಣಿಮಗ್ಗವಿದೆ; ಇಂಥ ಗುಂಡಿಗೂ, ಸತ್ತವರನ್ನು ಇಡುವ ಗುಂಡಿಗೂ ನಮ್ಮಲ್ಲಿ ಕುಣಿ ಎಂದೇ ಹೆಸರು. ನನ್ನ ಅತ್ತೆ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಾರೆ. ತಾವು ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ, ಮಾವನವರು ತೀರಿಕೊಂಡ ತಿಂಗಳೊಂದನ್ನು ಬಿಟ್ಟರೆ, ಅವರು ಕುಣಿಗೆ ಇಳಿಯದ ದಿನವಿಲ್ಲ. ಯಂತ್ರದ ಸೀರೆಗಳು ಬಂದು, ಅಂಗಡಿಯವರು ನಮ್ಮ ಸೀರೆ ಕೇಳುವುದನ್ನು ಬಿಟ್ಟಾಗ ನನ್ನ ಗಂಡ, “ಈ ಕುಣಿ ಮುಚ್ಚಿ ಫರ್ಸಿ ಕಲ್ಲು ಹಾಸಿದ್ರ ಗಾಡಿ ನಿಲ್ಲಸಾಕ ಜಾಗಾ ಆಗ್ತೈತಿ,” ಎಂದಿದ್ದರು. ಅತ್ತೆ ಅವತ್ತು ಊಟ ಬಿಟ್ಟರು. ನಾನು ಪಕ್ಕದ ಗದಗಿನಲ್ಲಿ ಕಂಪ್ಯೂಟರ್ ಕಲಿಸುವವಳು. ಹಟಕ್ಕೆ ಬಿದ್ದು ವೆಬ್‌ಸೈಟ್ ಮಾಡಿದೆ, ಸೀರೆಗಳ ಫೋಟೊ ಹಾಕಿದೆ. ನಿಧಾನವಾಗಿ ಪುಣೆಯಿಂದ, ಮೈಸೂರಿನಿಂದ ಫೋನ್ ಬರತೊಡಗಿದವು. ಗಂಡ ಸೋತು, “ಆತು, ಫೋನ್ ಬರೂ ತನಕ ಮಗ್ಗ ಇರ್ಲಿ,” ಎಂದರು. ಆ ಒಂದು ಮಾತಿನ ಮೇಲೆ ಅತ್ತೆಯ ಮಗ್ಗ ಉಳಿದಿತ್ತು.

ಹುಡುಕಿದಾಗ ಮೇಲೆ ಬರಬೇಕಾದರೆ ಬೇರೆ ವೆಬ್‌ಸೈಟಿನವರು ತಮ್ಮ ಪುಟದಿಂದ ನಮಗೆ ಲಿಂಕ್ ಕೊಡಬೇಕು. ನಾಲ್ಕು ಜನ ಬೆರಳು ಮಾಡಿ ತೋರಿಸುವ ಮನೆಗೆ ಮಾನ ಹೆಚ್ಚು, ಅಷ್ಟೇ ಅದರ ಗುಟ್ಟು. ಇದನ್ನು ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮಲ್ಲಿ ಆಯೇರಿ ಎಂಬುದಿದೆ. ನಿಮ್ಮ ಮನೆಯ ಮದುವೆಯಲ್ಲಿ ಬೀಗರು ನಿಮಗೆ ಸೀರೆ ಕೊಟ್ಟರೆ, ಅವರ ಮನೆಯ ಮದುವೆಯಲ್ಲಿ ನೀವು ಅವರಿಗೆ ಕೊಡಲೇಬೇಕು. ತಪ್ಪಿದರೆ ಸಾಯುವ ತನಕ ಆಡಿಕೊಳ್ಳುತ್ತಾರೆ. ಆಯೇರಿಗೆ ಬಂದ ಸೀರೆಯನ್ನು ಯಾರೂ ಉಡುವುದಿಲ್ಲ ಎಂಬುದು ಬೇರೆ ಮಾತು. ಅದು ಮಡಿಕೆ ಬಿಚ್ಚದೆ ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಊರೂರು ತಿರುಗುತ್ತದೆ. ನಾನು ಕೊಟ್ಟ ಹಸಿರು ಸೀರೆಯೊಂದು ನಾಲ್ಕು ವರ್ಷ ಬಿಟ್ಟು ನನಗೇ ಬಂದಿತ್ತು.

ಹಾಗಾಗಿ ಲಿಂಕ್ ಕೊಟ್ಟವರಿಗೆಲ್ಲ ನಾನೂ ಲಿಂಕ್ ಕೊಟ್ಟೆ. ಅದಕ್ಕೆಂದೇ ಒಂದು ಪುಟ ಮಾಡಿ ‘ನಮ್ಮ ಬೀಗರು’ ಎಂದು ತಲೆಬರಹ ಹಾಕಿದೆ. ಮೊದಲು ಬಂದವರು ನಮ್ಮವರೇ: ಲಕ್ಷ್ಮೇಶ್ವರದಲ್ಲಿ ಮದುವೆ ಕಾರ್ಯಾಲಯ, ಅಂದರೆ ಕಲ್ಯಾಣ ಮಂಟಪ, ನಡೆಸುವ ನನ್ನ ಸೋದರಮಾವ, ಶಿರಹಟ್ಟಿಯ ಅಡುಗೆಯವರು, ಮುಂಡರಗಿಯ ಫೋಟೊ ಸ್ಟುಡಿಯೊದವರು. ಆಮೇಲೆ ಗೊತ್ತುಗುರಿ ಇಲ್ಲದವರು ಮೇಲ್ ಬರೆಯತೊಡಗಿದರು. ನಾವು ನಿಮಗೆ ಕೊಡುತ್ತೇವೆ, ನೀವು ನಮಗೆ ಕೊಡಿ. ಜೈಪುರದ ಬಾಡಿಗೆ ಕಾರಿನವನು, ಹಲ್ಲು ಬೆಳ್ಳಗೆ ಮಾಡುವ ಪುಡಿಯವನು, ಇಸ್ಪೀಟ್ ಆಟದವನು. ತಾವಾಗಿ ಕೊಟ್ಟವರಿಗೆ ಇಲ್ಲ ಅನ್ನುವುದು ಹೇಗೆ? ಎಲ್ಲರನ್ನೂ ಬೀಗರ ಸಾಲಿನಲ್ಲಿ ಕೂರಿಸಿದೆ. ಇಸ್ಪೀಟಿನವನ ಜೊತೆ ನಮ್ಮದು ಯಾವ ಬೀಗತನ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ, ದಡ್ಡಿ. ಕೊನೆಗೆ ತೊಂಬತ್ತು ಜನ ಬೀಗರಾದರು.

ಆ ಸೋಮವಾರ ತರಗತಿಯಲ್ಲಿ ಎಲ್ಲರಿಗೂ ಟೈಪಿಂಗ್ ಹಚ್ಚಿ, ಸರ್ಚ್ ಕಂಪನಿಯವರು ವೆಬ್‌ಸೈಟಿನವರಿಗೆ ಪತ್ರ ಕಳಿಸುವ ಜಾಗವನ್ನು ತೆರೆದೆ. ಪತ್ರ ಬಂದಿತ್ತು. ನಿಮಗೆ ಸಿಕ್ಕಿರುವ ಲಿಂಕುಗಳು ಸಹಜವಾದವಲ್ಲ, ಮೇಲೆ ಬರಲೆಂದೇ ಕೊಟ್ಟು ತೆಗೆದುಕೊಂಡವು, ಆದ್ದರಿಂದ ನಿಮ್ಮನ್ನು ಹುಡುಕಾಟದಿಂದ ತೆಗೆದಿದ್ದೇವೆ. ಎಲ್ಲವನ್ನೂ ತೆಗೆಸಿ ಮತ್ತೆ ಅರ್ಜಿ ಹಾಕಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾಲ್ಕು ಸಲ ಓದಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಲ್ಲೋ ಕುಳಿತ ಯಾರೋ ನಮ್ಮ ಪಡಸಾಲೆಗೆ ಬಂದು, ಬೀಗರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿ ಹೋದಂತೆ ಅನ್ನಿಸಿತು. ಅವರನ್ನು ಬೈಯಲೂ ಬರುವಂತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಫೋನ್ ಸುಮ್ಮನಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡ ಮೂರನೇ ದಿನಕ್ಕೆ ಗಾರೆ ಕೆಲಸದ ಗೌಂಡಿಯನ್ನು ಕರೆತಂದು ಕುಣಿ ಮುಚ್ಚಿಸುತ್ತಾರೆಂಬ ಭಯ. ಸಂಜೆ ನಾನು ಬಂದ ಕೂಡಲೇ ಅತ್ತೆ ಲಾಳಿ ನಿಲ್ಲಿಸಿ, “ಯಾರರ ಫೋನ್ ಮಾಡಿದ್ರೇನಬೇ?” ಎಂದು ಕೇಳುತ್ತಿದ್ದರು.

“ಹೂನ್ರಿ ಅತ್ತಿ, ಪುಣೆದವರು ಕೆಂಪಂಚಿಂದು ಒಂದು ಕೇಳ್ಯಾರ,” ಎಂದು ಒಂದು ದಿನ ಸುಳ್ಳು ಹೇಳಿದೆ.

ಆ ಸುಳ್ಳನ್ನು ನಂಬಿ ಅವರು ಎಂಟು ದಿನ ಕುಳಿತು ಕೆಂಪಂಚಿನ ಸೀರೆ ನೇಯ್ದರು. ಪಾರ್ಸಲ್ ಮಾಡುವ ನೆವದಲ್ಲಿ ಅದನ್ನು ಒಯ್ದು ನನ್ನ ತರಗತಿಯ ಕಪಾಟಿನಲ್ಲಿ ಮುಚ್ಚಿಟ್ಟೆ. ಆಮೇಲೆ ಇನ್ನೊಂದು ಸುಳ್ಳು, ಇನ್ನೊಂದು ಸೀರೆ. ಲಾಳಿಯ ಸದ್ದು ಕೇಳಿದರೆ ಉಣ್ಣುವ ತಾಟು ಸರಿಸಿ ಏಳುತ್ತಿದ್ದೆ. ಬಚ್ಚಲಿನಲ್ಲಿ ನಳ ಬಿಟ್ಟುಕೊಂಡು ಅಳುತ್ತಿದ್ದೆ.

ಗೊತ್ತಿಲ್ಲದ ಬೀಗರನ್ನು ಕಳಚುವುದು ಅಷ್ಟು ಕಷ್ಟವಾಗಲಿಲ್ಲ. ಮೇಲ್ ಬರೆದೆ. ಉತ್ತರಿಸದವರನ್ನೆಲ್ಲ, ಇವರಿಗೂ ನಮಗೂ ಸಂಬಂಧವಿಲ್ಲ ಎಂದು ಪಟ್ಟಿ ಮಾಡಿ ಕಂಪನಿಗೆ ಕೊಟ್ಟೆ. ಶಿರಹಟ್ಟಿ, ಮುಂಡರಗಿಯವರು ಫೋನಿನಲ್ಲೇ “ಆತ್ರಿ ಅಕ್ಕಾರ, ತಗದ್ವಿ,” ಎಂದರು. ಉಳಿದವರು ಸೋದರಮಾವ. ಅವರು ಪ್ರೀತಿ ಹೆಚ್ಚಾಗಿ ತಮ್ಮ ಕಾರ್ಯಾಲಯದ ವೆಬ್‌ಸೈಟಿನ ಪ್ರತಿ ಪುಟದ ಅಡಿಗೂ, ಊಟದ ಮೆನುವಿನ ಅಡಿಗೂ, ‘ಬೆಟಗೇರಿ ಕೈಮಗ್ಗದ ಸೀರೆ ನಮ್ಮ ಮಗಳ ಮನೆಯಲ್ಲಿ’ ಎಂದು ಹಾಕಿಸಿದ್ದರು. ಕಂಪನಿಯವರು ಉದಾಹರಣೆಗೆಂದು ಎತ್ತಿ ತೋರಿಸಿದ್ದರಲ್ಲಿ ಅದೂ ಒಂದು. ಅಪ್ಪ ಇಲ್ಲದ ನನ್ನನ್ನು ಸಾಕಿ ಮದುವೆ ಮಾಡಿಕೊಟ್ಟವರು ಅವರು. ಕೊಟ್ಟ ಆಯೇರಿಯನ್ನು ಅವರ ಅಂಗಳಕ್ಕೇ ಒಯ್ದು ಇಟ್ಟು ಬರುವುದೆಂದರೆ ತವರಿನ ಬಾಗಿಲು ನಾನೇ ಮುಚ್ಚಿಕೊಂಡ ಹಾಗೆ. ಫೋನಿನಲ್ಲಿ ಹೇಳುವ ಮಾತಲ್ಲ.

ಹೋಗುವ ಮೊದಲೇ ನಮ್ಮ ಪುಟದಿಂದ ಎಲ್ಲ ಹೆಸರುಗಳನ್ನೂ ಅಳಿಸಿದ್ದೆ. ಭಾನುವಾರ ಲಕ್ಷ್ಮೇಶ್ವರದ ಬಸ್ ಹತ್ತಿದೆ. ಮುಳಗುಂದ ಬರುವ ತನಕ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ, ಅಲ್ಲಿಂದ ಮುಂದೆ ಇಳಿದು ತಿರುಗಿ ಹೋಗಿಬಿಡಲೇ ಎಂದು ಯೋಚಿಸುತ್ತ ಕುಳಿತೆ. ಕಾರ್ಯಾಲಯದಲ್ಲಿ ಮಾವ ಒಬ್ಬರೇ ಖುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

“ಮಾವಾ, ನಿಮ್ಮ ವೆಬ್‌ಸೈಟ್‌ನ್ಯಾಗ ನಮ್ಮ ಹೆಸರೈತೆಲ್ಲ, ಅದನ್ನ ತಗಸ್ರಿ,” ಎಂದೆ. ಬಾಯಿಪಾಠದ ಉಳಿದದ್ದೆಲ್ಲ ಮರೆತುಹೋಗಿತ್ತು.

ಅವರು ಕೈಯಲ್ಲಿದ್ದ ಖುರ್ಚಿ ಕೆಳಗಿಟ್ಟರು. “ನಿನ್ನ ಬೀಗರ ಪುಟದಾಗಿಂದ ನನ್ನ ಹೆಸರು ಹೋಗಿ ಹನ್ನೆರಡು ದಿನಾತು. ದಿನಾ ತಗದು ನೋಡತೀನಿ. ನಮ್ಮಿಂದ ಏನ ತಪ್ಪಾತು ಅಂತ ಮನಿಯಾಗ ಕೇಳೇ ಕೇಳೀನಿ. ಪಂಚಮಿ ಹಬ್ಬಕ್ಕ ಕರಿಯಾಕ ಬರಲಿಲ್ಲಂತ ಸಿಟ್ಟೇನು?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವರಿಗೆ ಅರ್ಧ ತಿಳಿಯಿತೋ ಇಲ್ಲವೋ. “ಕೊಟ್ಟು ತಗೊಂಡ್ರ ತಪ್ಪಂತ ಯಾವ ಊರಾಗ ಅಂತಾರ ಯವ್ವಾ?” ಎಂದರು. ಅಲ್ಲೇ ನಿಂತು ಫೋನ್ ಮಾಡಿ ತೆಗೆಸಿದರು. ನಮ್ಮ ಮನೆಯಲ್ಲಿ ಈ ವಿಷಯ ಹೇಳಬಾರದೆಂದು ಅವರಿಂದ ಆಣೆ ಮಾಡಿಸಿಕೊಂಡೆ. ಬಸ್ ಹತ್ತಿಸುವಾಗ ನನ್ನನ್ನು ದಿಟ್ಟಿಸಿ, “ಬಾಳ ಸೊರಗೀದಿ, ಮಾರಿ ಮ್ಯಾಲ ಕಳಾನ ಇಲ್ಲ,” ಎಂದರು.

ಮೊದಲ ಅರ್ಜಿಗೆ, ಇನ್ನೂ ಲಿಂಕುಗಳು ಉಳಿದಿವೆ ಎಂದು ಉತ್ತರ ಬಂತು. ಉಳಿದವನ್ನು ಹುಡುಕಿ, ಪಟ್ಟಿ ಉದ್ದ ಮಾಡಿ, ಎರಡನೇ ಅರ್ಜಿ ಹಾಕಿ ಕಾಯುತ್ತ ಕುಳಿತೆ. ಹೀಗೆ ಕಾಯುತ್ತಿದ್ದಾಗ ಒಂದು ಮಧ್ಯಾಹ್ನ ತರಗತಿ ಬೇಗ ಮುಗಿದು ಮನೆಗೆ ಬಂದರೆ, ಬಾಗಿಲ ಮುಂದೆ ಕೆಂಪು ಮಣ್ಣಿನ ಗುಡ್ಡೆ ಬಿದ್ದಿತ್ತು. ಒಳಗೆ ಗೌಂಡಿ ಟೇಪು ಹಿಡಿದು ಕುಣಿಯನ್ನು ಅಳೆಯುತ್ತಿದ್ದ. ಅತ್ತೆ ಪಕ್ಕದಲ್ಲಿ ಕುಳಿತು ಮಗ್ಗದ ನೂಲನ್ನು ಕತ್ತರಿಸಿ ತೆಗೆಯುತ್ತಿದ್ದರು. ಹೆದರಿದವರ ಮೇಲೆ ಹಾವು ಎಸೆದಂತಾಯಿತು. ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತಿದ್ದ ಗಂಡನ ಮೇಲೆ ಕೂಗಾಡಿದೆ.

“ನನ್ನ ಮ್ಯಾಲ ಯಾಕ ಒದರ್ತಿ? ಅವ್ವಾನ ಕರಿಸ್ಯಾಳ,” ಎಂದರು ಅವರು.

“ಹೌದು, ನಾನ ಹೇಳೀನಿ,” ಅತ್ತೆ ತಲೆ ಎತ್ತಲಿಲ್ಲ. “ನಾ ಇದರಾಗ ಕುಂತ್ರ ನಿನ್ನ ನೋಡ್ಕೊಳ್ಳಾವ್ರು ಯಾರು? ಉಣ್ಣವಲ್ಲಿ. ಬಚ್ಚಲದಾಗ ಅಳತೀದಿ. ನಿಮ್ಮ ಸೋದರಮಾವನೂ ಫೋನ್ ಮಾಡಿದ್ರು, ಹುಡುಗಿ ಬಾಳ ಸೊರಗ್ಯಾಳ, ದವಾಖಾನಿಗೆ ತೋರಸ್ರಿ ಅಂತ. ಇನ್ನ ಮನಿ ಕೆಲಸಾ ನಾ ಮಾಡ್ತೀನಿ, ನೀ ಮಲಗು. ಏನ್ ಜಡ್ಡ ಬಂದೈತಿ, ಖರೆ ಹೇಳು.”

ಮಾವ ಆಣೆ ಮುರಿದಿರಲಿಲ್ಲ, ನನ್ನ ಮುಖದಲ್ಲಿ ಕಂಡದ್ದನ್ನಷ್ಟೇ ಹೇಳಿದ್ದರು. ನಾನು ಬಾಗಿಲಲ್ಲೇ ಕುಳಿತು ಎಲ್ಲವನ್ನೂ ಬಾಯಿಬಿಟ್ಟೆ. ತೊಂಬತ್ತು ಬೀಗರು, ಕಂಪನಿಯ ಪತ್ರ, ಪುಣೆಯ ಸುಳ್ಳು, ಕಪಾಟಿನಲ್ಲಿರುವ ಎರಡು ಸೀರೆ. “ಫೋನ್ ಬರದಿದ್ರ ಈ ಕುಣಿ ಮುಚ್ಚತಾರಂತ ಹೆದರಿ ಸತ್ತಿದ್ದೆ ರೀ ಅತ್ತಿ,” ಎಂದೆ.

ಅತ್ತೆ ಕತ್ತರಿ ಕೆಳಗಿಟ್ಟರು. ಗೌಂಡಿಯ ಕಡೆ ತಿರುಗಿ, “ನೀ ಹೋಗಪಾ, ಮಣ್ಣು ತುಂಬ್ಕೊಂಡು ಹೋಗು,” ಎಂದರು. ಗಂಡ, “ಆದ್ರ ಫೋನ್ ಬಂದಿಲ್ಲ ಅಂದ್ರ...” ಎಂದು ಶುರು ಮಾಡಿದರು. “ಬರ್ಲಿ, ಬಿಡ್ಲಿ. ಇದು ನನ್ನ ಮಗ್ಗ,” ಎಂದರು ಅತ್ತೆ. ಆ ಮಾತು ಅವರ ಬಾಯಿಂದ ಅದಕ್ಕೂ ಮೊದಲು ಬಂದದ್ದನ್ನು ನಾನು ಕೇಳಿರಲಿಲ್ಲ, ಗಂಡನೂ ಕೇಳಿರಲಿಕ್ಕಿಲ್ಲ. ಅವರು ಗೌಂಡಿಯ ಜೊತೆ ಮಣ್ಣು ತುಂಬಲು ಹೊರಗೆ ಹೋದರು.

ಎರಡನೇ ಅರ್ಜಿಗೆ ಒಪ್ಪಿಗೆ ಸಿಕ್ಕಿದ್ದು ದಸರೆಯ ಹೊತ್ತಿಗೆ. ಈಗ ನಾವು ಎರಡನೇ ಪುಟದಲ್ಲಿದ್ದೇವೆ. ಆದರೆ ಆ ಮಧ್ಯಾಹ್ನ ನಮಗೆ ಅದು ತಿಳಿದಿರಲಿಲ್ಲ. ಅತ್ತೆ ನನ್ನ ಹತ್ತಿರ ಬಂದು ಬೆನ್ನಿಗೊಂದು ಗುದ್ದಿದರು, ನೋಯುವ ಹಾಗೆಯೇ ಗುದ್ದಿದರು. ಆಮೇಲೆ ನನ್ನ ತಲೆಯನ್ನು ಎದೆಗೆ ಅವುಚಿಕೊಂಡರು.

“ಹುಚ್ಚಿ, ನೀ ಈ ಕುಣಿ ಸಲುವಾಗಿ ಹೆದರಿದ್ದಿ,” ಎಂದರು. “ನಾ ನಿನ್ನ ಕುಣ್ಯಾಗ ಇಡೂ ದಿನಾ ಬಂತೇನೋ ಅಂತ ಹೆದರಿದ್ದೆ.”