ಎರಡನೇ ರಾಜನ ಹಾಡು

ವಿವರಿಸಲಾಗದ ಅನುಭವ ತಮಗಾಗಿದೆ ಎನ್ನುವವರನ್ನು ನಾನು ಬಹಳ ಕಾಲ ಎರಡೇ ಗುಂಪು ಮಾಡಿಕೊಂಡಿದ್ದೆ: ಸುಳ್ಳು ಹೇಳುವವರು ಮತ್ತು ಸರಿಯಾಗಿ ನೋಡದವರು. ಅಂಥ ಕತೆಯನ್ನು ಯಾರಾದರೂ ಎದುರಿಗೆ ಕೂತು ಹೇಳಿದರೆ ಸೌಜನ್ಯಕ್ಕೆ ತಲೆಯಾಡಿಸುತ್ತಾ, ತಪ್ಪು ಎಲ್ಲಿದೆ ಎಂದು ಒಳಗೊಳಗೇ ಹುಡುಕುತ್ತಿದ್ದೆ. ನೀವು ಈಗ ನನ್ನ ಮಾತಿನಲ್ಲಿ ಹಾಗೆ ಹುಡುಕಿದರೆ ನನಗೆ ಬೇಸರವಿಲ್ಲ. ಸಿಕ್ಕರೆ ನನಗೂ ತಿಳಿಸಿ.

ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ತುಮಕೂರಿನ ರಂಗಮಂದಿರವೊಂದರಲ್ಲಿ, ಒಂದು ಪುಕ್ಕಟೆ ನಾಟಕದಲ್ಲಿ. ಪುಕ್ಕಟೆ ಸಂಜೆಗಳ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನವರ ಜೊತೆ ಎಲ್ಲಕ್ಕೂ ಹೋಗಿದ್ದೇನೆ: ಪಾರ್ಕಿನಲ್ಲಿ ಕೊಳಲು, ಗ್ಯಾಲರಿಯಲ್ಲಿ ಚಿತ್ರ, ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ. ಗ್ಯಾಲರಿಗೆ ಬಂದವರು ಚಿತ್ರಕ್ಕೆ ಬೆನ್ನು ಹಾಕಿ ತಮ್ಮ ಫೋಟೊ ತೆಗೆದುಕೊಳ್ಳುತ್ತಿದ್ದರು. ಪುಸ್ತಕ ಬಿಡುಗಡೆಗೆ ಬಂದವರು ಉಪ್ಪಿಟ್ಟು ಖಾಲಿಯಾಗುವ ತನಕ ಸಾಹಿತ್ಯಪ್ರೇಮಿಗಳಾಗಿರುತ್ತಿದ್ದರು. ದುಡ್ಡು ಕೊಡದೆ ಒಳಗೆ ಬಂದವನು ಎದ್ದು ಹೋಗುವುದಕ್ಕೆ ಸಿದ್ಧನಾಗಿಯೇ ಕೂತಿರುತ್ತಾನೆ. ಅದನ್ನು ಸಂಸ್ಕೃತಿ ಎಂದು ಕರೆಯುವವರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಕೆಲಸ ಸಿಕ್ಕಿ ತುಮಕೂರಿಗೆ ವಾಪಸು ಬಂದ ಮೇಲೂ ಇದು ತಪ್ಪಲಿಲ್ಲ. ಕಾರಣ ನನ್ನ ಸಹೋದ್ಯೋಗಿ ನಾಜ್ನೀನ್. ಮಾರ್ಕೆಟ್ ಹತ್ತಿರ ಚಪ್ಪಲಿ ಅಂಗಡಿ ಇಟ್ಟಿರುವವರ ಮಗಳು. ಖರ್ಚಿಲ್ಲದೆ ಸಂಜೆ ಕಳೆಯುವ ಜಾಗಗಳ ರೀಲುಗಳನ್ನು ದಿನಾ ನೋಡಿ ನೋಡಿ, ನಮ್ಮೂರಲ್ಲೂ ಅಂಥವು ಇವೆ ಎಂದು ಪತ್ತೆ ಮಾಡಿದ್ದಳು. ನಾನು ಜೊತೆಗಿದ್ದರೆ ಅವಳ ಮನೆಯಲ್ಲಿ ಬೇಗ ಒಪ್ಪಿಗೆ ಸಿಗುತ್ತಿತ್ತು.

"ನಿನ್ ಹೆಸರು ಹೇಳಿದ್ರೆ ಅಬ್ಬಾ ಒಂದು ಮಾತೂ ಕೇಳಲ್ಲ ಕಣೇ. ನಿನ್ ಮುಖ ನೋಡಿದ್ರೆ ಟ್ಯೂಷನ್‌ಗೆ ಹೋಗ್ತಾ ಇದೀವಿ ಅನ್ಸುತ್ತಂತೆ" ಎಂದಿದ್ದಳು.

ನಮ್ಮ ಜಿಲ್ಲೆಯ ಪುಕ್ಕಟೆ ಮನರಂಜನೆ ಎಂದರೆ ಹವ್ಯಾಸಿಗಳ ರಾಜರಾಣಿ ನಾಟಕ. ಯಾವ ನಾಟಕವೆಂದು ಹೇಳುವ ಅಗತ್ಯವಿಲ್ಲ, ಎಲ್ಲದರಲ್ಲೂ ಒಬ್ಬ ರಾಜ ರಾಜ್ಯ ಕಳೆದುಕೊಂಡು ಹಾಡುತ್ತಾನೆ. ಬೇರೆ ಊರಿನವರಿಗೆ ಒಂದು ವಿಷಯ ತಿಳಿದಿರಲಿಕ್ಕಿಲ್ಲ. ಇಲ್ಲಿ ನೋಡುವವನು ದುಡ್ಡು ಕೊಡುವುದಿಲ್ಲ, ನಟಿಸುವವನು ಕೊಡುತ್ತಾನೆ. ಸೈಟು ತೆಗೆದುಕೊಂಡ ಹಾಗೆ ಪಾತ್ರ ತೆಗೆದುಕೊಳ್ಳುತ್ತಾನೆ. ರಾಜನಾಗಲು ಆಸೆಪಡುವವರು ಹೆಚ್ಚಿರುವುದರಿಂದ ಒಂದೇ ಪಾತ್ರವನ್ನು ಇಬ್ಬರಿಗೆ ಹಂಚುತ್ತಾರೆ. ಮೊದಲರ್ಧಕ್ಕೆ ಒಂದನೇ ರಾಜ, ಉಳಿದರ್ಧಕ್ಕೆ ಎರಡನೇ ರಾಜ. ಪರದೆ ಬಿದ್ದು ಎದ್ದಾಗ ರಾಜ ಕುಳ್ಳಗಾಗಿರುತ್ತಾನೆ, ಹೊಟ್ಟೆ ಬಂದಿರುತ್ತದೆ. ರಾಣಿ ಮಾತ್ರ ಅವನನ್ನೂ ಪ್ರಾಣಕಾಂತ ಎನ್ನುತ್ತಾಳೆ. ಪ್ರೇಕ್ಷಕರಲ್ಲಿ ಒಬ್ಬರೂ ನಗುವುದಿಲ್ಲ.

ಕುಣಿಗಲ್ಲಿನಲ್ಲಿರುವ ನನ್ನ ಸೋದರಮಾವ ಅಂಥ ಒಬ್ಬ ಎರಡನೇ ರಾಜ. ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕೊನೆಯ ದೃಶ್ಯದಲ್ಲಿ ಕಾಡಿನಿಂದ ಮರಳಿದ ರಾಜ ಖಾಲಿ ಸಿಂಹಾಸನದ ಮುಂದೆ ನಿಂತು ಹಾಡುವ ಒಂದು ಹಾಡಿಗಾಗಿ ಅವರು ಆ ಪಾತ್ರ ತೆಗೆದುಕೊಂಡಿದ್ದರು. ಹಿಂದಿನ ವರ್ಷ ಗುಬ್ಬಿಯಲ್ಲಿ ಅದೇ ಹಾಡಿನ ಮೇಲಿನ ಸಾಲಿಗೆ ಅವರ ಗಂಟಲು ಒಡೆಯಿತು. ಜನ ಸಿಳ್ಳೆ ಹಾಕಿ, "ಇಳಿಯೋ ಕೆಳಕ್ಕೆ" ಎಂದು ಕೂಗಿದರು. ಹಾಡಿನ ಮಧ್ಯದಲ್ಲೇ ಪರದೆ ಬಿಟ್ಟರು. ಆಮೇಲೆ ಮಾವ ಮನೆಯಿಂದ ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ಊಟ ಮಾಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಅತ್ತೆ ಫೋನಿನಲ್ಲಿ ಅಮ್ಮನ ಹತ್ತಿರ ಅಳುತ್ತಿದ್ದರು. ಒಂದು ಕೆಟ್ಟ ನಾಟಕದ ಒಂದು ಕೆಟ್ಟ ಹಾಡಿಗೆ ಅರವತ್ತು ದಾಟಿದ ಮನುಷ್ಯ ಇಷ್ಟು ಕುಗ್ಗುವುದು ನನಗೆ ನಾಚಿಕೆಗೇಡೆನಿಸಿತ್ತು.

ಅದೇ ತಂಡ ತುಮಕೂರಿನಲ್ಲಿ ಮತ್ತೆ ನಾಟಕ ಹಿಡಿಯಿತು. ಹೇಗೋ ಮಾವನನ್ನು ಒಪ್ಪಿಸಿದರು. ಗುಬ್ಬಿಯ ಹಾರ್ಮೋನಿಯಂ ಮೇಷ್ಟ್ರು ವಾರವಾರ ಕುಣಿಗಲ್ಲಿಗೆ ಬಂದು ಆ ಒಂದು ಹಾಡನ್ನೇ ತಿದ್ದಿದರು. ಅಮ್ಮ ನನಗೆ ಹೇಳಿದ್ದು ಇಷ್ಟು: "ನೀನು ಮುಂದಿನ ಸಾಲಲ್ಲಿ ಕೂತ್ಕೊ. ಅಣ್ಣ ತಡವರಿಸಿದ್ರೆ ಚಪ್ಪಾಳೆ ಹೊಡಿ. ಈ ಸಲನೂ ಕೂಗಿಸ್ಕೊಂಡ್ರೆ ಅವನು ಉಳಿಯಲ್ಲ."

ಹೀಗೆ ನಾನು ನಾಜ್ನೀನಳನ್ನು ಕರೆದುಕೊಂಡು ಹೋದೆ. ನಾಟಕಕ್ಕೆ ಮುಂಚೆ ಭಾಷಣ, ಸನ್ಮಾನ. ಶಾಲು ಹೊದಿಸಿಕೊಂಡವರೇ ಇನ್ನೊಬ್ಬರಿಗೆ ಶಾಲು ಹೊದಿಸಿದರು. ಕಲೆ ಉಳಿಯಬೇಕು ಎಂದು ಭಾಷಣ ಮಾಡಿದವರು ನಾಟಕ ಶುರುವಾಗುವ ಮುಂಚೆ ಕಾರು ಹತ್ತಿದರು. ಒಂದನೇ ರಾಜನಾಗಿ ಅಂತರಸನಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇರುವ ಗಂಗಣ್ಣ ಎಂಬವರು ಗರ್ಜಿಸಿದರು. "ರಾಜಂಗೆ ಯಾರ ಮೇಲೇ ಇಷ್ಟು ಕೋಪ? ಕರೆಂಟ್ ಬಿಲ್ ಬಂದದಾ?" ಎಂದು ನಾಜ್ನೀನ್ ಕಿವಿಯಲ್ಲಿ ಕೇಳಿದಳು. ಹಿಂದಿನ ಸಾಲಿನವರು ಕಡಲೆಕಾಯಿ ಸಿಪ್ಪೆಯನ್ನು ನಮ್ಮ ಕಾಲಿನ ಹತ್ತಿರ ಹಾಕುತ್ತಿದ್ದರು.

ಪರದೆ ಬಿದ್ದು ಎದ್ದ ಮೇಲೆ ಮಾವ ರಾಜನಾಗಿ ಬಂದು ಮಾತುಗಳನ್ನು ಹೇಗೋ ಒಪ್ಪಿಸಿದರು. ಕೊನೆಯ ದೃಶ್ಯ ಬಂತು. ಖಾಲಿ ಸಿಂಹಾಸನ, ನೀಲಿ ಬೆಳಕು. ರಾಜ ಬಂದು ನಿಂತ. ನಾನು ಎರಡೂ ಕೈ ತೊಡೆಯ ಮೇಲಿಟ್ಟು ಚಪ್ಪಾಳೆಗೆ ಸಿದ್ಧಳಾದೆ.

ಅದರ ಅಗತ್ಯ ಬೀಳಲಿಲ್ಲ. ನನಗೆ ಸಂಗೀತದ ಹುಚ್ಚಿಲ್ಲ, ಆದರೆ ಒಳ್ಳೆಯ ದನಿ ತಿಳಿಯುತ್ತದೆ. ಆ ದನಿ ಎಲ್ಲೂ ಶ್ರಮಪಡಲಿಲ್ಲ. ಮೇಲಿನ ಸಾಲು ಬಂದಾಗ ಅದು ಹತ್ತಿದ ಹಾಗೇ ಇರಲಿಲ್ಲ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗಿತ್ತು. ಕಡಲೆಕಾಯಿ ಸದ್ದು ನಿಂತಿತು. ನಾಜ್ನೀನ್ ಫೋನ್ ಎತ್ತಿ ವಿಡಿಯೊ ಹಿಡಿದಳು.

ಅದು ಮಾವ ಅಲ್ಲ ಎಂದು ನನಗೆ ಖಚಿತವಾಗಿತ್ತು. ಮಾವ ಹಾಡುವಾಗ ಸುಮ್ಮನೆ ನಿಲ್ಲುವುದಿಲ್ಲ. ಮೇಲಿನ ಸ್ವರಕ್ಕೆ ಮುಂಚೆ ಹಿಮ್ಮಡಿ ಎತ್ತುತ್ತಾರೆ, ಉಸಿರನ್ನು ಬಿಕ್ಕಿದಂತೆ ಎಳೆದುಕೊಳ್ಳುತ್ತಾರೆ. ಬಣ್ಣ ಮೆತ್ತಿದ ಮುಖ ಆ ನೀಲಿ ಬೆಳಕಿನಲ್ಲಿ ಯಾರದೆಂದು ತಿಳಿಯುತ್ತಿರಲಿಲ್ಲ, ಆದರೆ ಈ ರಾಜ ನೆಟ್ಟ ಕಂಬದಂತೆ ನಿಂತಿದ್ದ. ಸರಿ, ಮಾವ ಹೆದರಿದ್ದಾರೆ, ಗಂಗಣ್ಣನೇ ಮತ್ತೆ ಬಂದಿದ್ದಾರೆ ಎಂದುಕೊಂಡೆ. ಮಾವ ಏನಾದರು ಎಂಬ ಆತಂಕಕ್ಕೆ ಎದ್ದು ಪಕ್ಕದ ಬಾಗಿಲಿನಿಂದ ಹೊರಗೆ ಬಂದೆ.

ಹೊರಗೆ ತಿಂಡಿ ಗಾಡಿಯ ಹತ್ತಿರ ಗಂಗಣ್ಣ ಬನಿಯನ್ ಲುಂಗಿಯಲ್ಲಿ, ಅರ್ಧ ಬಣ್ಣ ಒರೆಸಿದ ಮುಖದಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ನಿಂತಿದ್ದರು. ಹಾಡು ಹೊರಗಿನ ಸ್ಪೀಕರಿನಲ್ಲೂ ಕೇಳುತ್ತಿತ್ತು. ನಾಟಕಕ್ಕೆ ಮುಂಚೆ ಮಾವನ ಜೊತೆ ಕಂಡಿದ್ದ ನನ್ನನ್ನು ಗುರುತಿಸಿ ಬಜ್ಜಿ ಹಿಡಿದ ಕೈಯನ್ನೇ ಎತ್ತಿದರು.

"ಕೇಳಮ್ಮ, ಕೇಳು ನಿಮ್ಮಾವನ್ನ! ಇಷ್ಟು ದಿವಸ ಎಲ್ಲಿ ಬಚ್ಚಿಟ್ಟಿದ್ರಮ್ಮ ಈ ಗಂಟ್ಲ?"

ನಾನು ವೇದಿಕೆಯ ಹಿಂದಿನ ಬಣ್ಣದ ಕೋಣೆಗೆ ಹೋದೆ. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮಾವ ಪೂರ್ತಿ ವೇಷದಲ್ಲಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಿದ್ದರು. ಕಿರೀಟ ತೊಡೆಯ ಮೇಲಿತ್ತು. ಗೋಡೆಯ ಆಚೆ ಹಾಡು ನಡೆಯುತ್ತಲೇ ಇತ್ತು.

"ಕಾಲೇ ಏಳ್ಲಿಲ್ಲ ಕಣಮ್ಮ" ಎಂದರು ಮಾವ. "ಗಂಗಣ್ಣ ದೊಡ್ಡ ಮನಸ್ಸು ಮಾಡ್ದ. ನೋಡು, ಹೆಂಗೆ ಹಾಡ್ತಾವ್ನೆ."

ನಾನು ಅವರ ಭುಜ ಮುಟ್ಟಿದೆ. ಬಟ್ಟೆ ಬೆವರಿಗೆ ನೆಂದು ಅಂಟಿತ್ತು. ಮಾವ ಅಲ್ಲಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಂದನೇ ರಾಜನ ಉಡುಪು ಮತ್ತು ಕಿರೀಟ ಎದುರಿನ ಬೆಂಚಿನ ಮೇಲಿದ್ದವು. ಬಾಡಿಗೆಗೆ ತಂದಿದ್ದ ರಾಜನ ವೇಷಗಳು ಆ ಎರಡೇ. ನಾನು ಪಕ್ಕದ ಪರದೆಯ ಸಂದಿಯಿಂದ ನೋಡಿದೆ. ರಾಜ ನನಗೆ ಬೆನ್ನು ತಿರುಗಿಸಿ, ಬೆಳಕಿನಲ್ಲಿ ನಿಂತಿದ್ದ. ಹಾಡು ಮುಗಿಯಿತು, ಪರದೆ ಬಿತ್ತು, ಅವನು ಆ ಕಡೆಗೆ ನಡೆದ. ಆ ಕಡೆ ಮಡಚಿ ನಿಲ್ಲಿಸಿದ ಸೀನರಿಗಳಿವೆ, ಅದರ ಹಿಂದೆ ಗೋಡೆ. ಅಷ್ಟರಲ್ಲಿ ಮಂಗಳ ಹಾಡಲು ಎಲ್ಲರೂ ವೇದಿಕೆಗೆ ನುಗ್ಗಿದರು. ನಾನು ಜನರನ್ನು ಬಳಸಿಕೊಂಡು ಆ ಕಡೆ ತಲುಪಿದಾಗ ಅಲ್ಲಿ ಧೂಳು ಹಿಡಿದ ಅರಮನೆಯ ಚಿತ್ರವೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ನಡೆದದ್ದು ನಾಟಕಕ್ಕಿಂತ ಹಾಸ್ಯಾಸ್ಪದ. ಜನ ಬಣ್ಣದ ಕೋಣೆಗೆ ನುಗ್ಗಿ ಮಾವನಿಗೆ ಹಾರ ಹಾಕಿದರು. ಗಂಗಣ್ಣ ಬಂದು ಅಪ್ಪಿಕೊಂಡು, "ಕೊಂದ್‌ಬುಟ್ಟೆ ಅಣ್ಣೋ!" ಎಂದರು. ಮಾವ ಅವರ ಎರಡೂ ಕೈ ಹಿಡಿದು, "ನೀನು ನನ್ನ ಮಾನ ಉಳಿಸ್ದೆ ಗಂಗಣ್ಣ" ಎಂದು ಅತ್ತರು. "ನಂದೇನ್ ಬುಡಣ್ಣ, ಎಲ್ಲಾ ನಿಮ್ದೇ" ಎಂದರು ಗಂಗಣ್ಣ. ಇಬ್ಬರೂ ಇನ್ನೊಬ್ಬರದು ವಿನಯವೆಂದುಕೊಂಡರು. ಹಾರ್ಮೋನಿಯಂ ಮೇಷ್ಟ್ರು ಮಾತ್ರ ಮುಖ ಸಿಂಡರಿಸಿಕೊಂಡು, "ಚೆನ್ನಾಗಿ ಹಾಡಿದ್ರಿ, ಇಲ್ಲ ಅನ್ನಲ್ಲ. ಆದ್ರೆ ಆ ಮಟ್ಟು ನಾನು ಹೇಳ್ಕೊಟ್ಟಿದ್ದಲ್ಲ. ಯಾರ ಹತ್ರ ಕಲಿತ್ರಿ?" ಎಂದು ಕೇಳಿದರು. ಮಾವ ನನ್ನ ಕಡೆ ನೋಡಿದರು.

ಮಾವ ಆ ರಾತ್ರಿ ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲೇ ಉಳಿದರು. ಬೆಳಿಗ್ಗೆ ನಾಜ್ನೀನ್ ವಿಡಿಯೊ ಕಳಿಸಿದಳು. ವೇದಿಕೆಯ ಬೆಳಕಿಗೆ ರಾಜನ ಮುಖ ಬರಿಯ ಬಿಳಿ ಕಲೆಯಾಗಿತ್ತು. ಆದರೆ ದನಿ ಕೇಳುತ್ತಿತ್ತು. ನಾನು ಹಿಂದಿನ ಸಂಜೆ ಕೇಳಿದ ದನಿ ಅದಾಗಿರಲಿಲ್ಲ. ವಯಸ್ಸಾದವರೊಬ್ಬರ ಸಾಧಾರಣ ದನಿ. ಮೇಲಿನ ಸಾಲಿನಲ್ಲಿ ಒಡೆಯುತ್ತದೆ. ಅದಕ್ಕೆ ಮುಂಚೆ ಬಿಕ್ಕಿದಂಥ ಉಸಿರು. ಮಾವನದೇ. ನಾಜ್ನೀನಳಿಗೆ ಫೋನ್ ಮಾಡಿದೆ. "ಫೋನಲ್ಲಿ ಸರಿಯಾಗಿ ಬಂದಿಲ್ಲ ಕಣೇ, ಹಾಳು ಮೈಕು" ಎಂದಳು. ಅವಳಿಗೆ ಅಷ್ಟೇ ಸಾಕಾಯಿತು.

ಅಮ್ಮ ವಿಡಿಯೊವನ್ನು ಎರಡು ಸಲ ನೋಡಿ ಕಣ್ಣೊರೆಸಿಕೊಂಡು ಕಾಫಿ ಮಾಡಲು ಹೋದಳು. ವಿಡಿಯೊ ಕೇಳಿದ ಮಾವ ಗಂಗಣ್ಣನಿಗೆ ಫೋನ್ ಮಾಡಿ, ಹಾಡಿದ್ದು ನೀನೇ ಅಲ್ಲವೇ ಎಂದು ನೇರವಾಗಿ ಕೇಳಿಯೂ ಬಿಟ್ಟರು. ಅವರು ನಕ್ಕು, "ನಾನು ಆಚೆ ಬಜ್ಜಿ ತಿಂತಿದ್ದೆ, ನಿಮ್ಮ ಹುಡುಗೀನೇ ಕೇಳಿ" ಎಂದರಂತೆ. ಮಾವ ಫೋನ್ ಕೆಳಗಿಟ್ಟರು.

"ನೀನು ಒಳಕ್ಕೆ ಬಂದಿದ್ದೆ ಅಲ್ವಾ ಮಗ? ಹಾಡು ನಡೀತಿದ್ದಾಗ?"

"ಬಂದಿದ್ದೆ ಮಾವ."

"ನಾನು ಏನ್ ಮಾಡ್ತಿದ್ದೆ?"

ನೀವೇ ಹಾಡಿದ್ದು ಎಂದು ಹೇಳಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಹೋದ ಮಾನ ಬಂದಿತ್ತು, ಸಾಕ್ಷಿಗೆ ವಿಡಿಯೊ ಇತ್ತು, ಸಭೆಗೆ ಸಭೆಯೇ ಇತ್ತು. ಎದುರಿಗೆ ನಾನೊಬ್ಬಳೇ. ಆದರೆ ಈ ಮನುಷ್ಯ ತನ್ನ ನೆನಪನ್ನೇ ನಂಬಲಾಗದೆ ಕೂತಿದ್ದಾರೆ ಎಂಬುದು ಕಾಣುತ್ತಿತ್ತು.

"ಪೆಟ್ಟಿಗೆ ಮೇಲೆ ಕೂತಿದ್ರಿ. ಕಿರೀಟ ತೊಡೆ ಮೇಲಿತ್ತು" ಎಂದೆ.

"ಅಷ್ಟು ಸಾಕು ಬುಡು. ತಲೆ ಕೆಡ್ತೇನೋ ಅಂದ್ಕೊಂಡಿದ್ದೆ."

ಕುಣಿಗಲ್ಲಿನಲ್ಲಿ ಅವರ ದಿನಗಳು ಬದಲಾದವು. ಟೀ ಅಂಗಡಿಯಲ್ಲಿ "ರಾಜ್ರು ಬಂದ್ರು" ಎಂದು ಎದ್ದು ಜಾಗ ಬಿಡುತ್ತಿದ್ದರಂತೆ. ಬೇಕಾಗಿದ್ದದ್ದೆಲ್ಲಾ ಸಿಕ್ಕಿತ್ತು. ಆದರೂ ಮಾತು ಮೊದಲಿಗಿಂತ ಕಡಿಮೆಯಾಗಿದೆ ಎಂದು ಅತ್ತೆ ಹೇಳುತ್ತಿದ್ದರು. ಕೆಲವು ತಿಂಗಳಾದ ಮೇಲೆ ಗುಬ್ಬಿಯಲ್ಲಿ ಮತ್ತೆ ಅದೇ ನಾಟಕ ಎಂದು ಗೊತ್ತಾಯಿತು. ಮಾವ ತಾವೇ ಹೋಗಿ ಎರಡನೇ ರಾಜನ ಪಾತ್ರ ತೆಗೆದುಕೊಂಡರು. ಅಮ್ಮ ಬೇಡಿಕೊಂಡಳು: "ಒಳ್ಳೇ ಹೆಸರು ಬಂದಿದೆ ಅಣ್ಣ, ಅಲ್ಲಿಗೆ ನಿಲ್ಸು."

"ಆ ಹೆಸರು ಯಾರದ್ದೋ ಕಣೇ" ಎಂದರು ಮಾವ. ಅಮ್ಮನಿಗೆ ಅರ್ಥವಾಗಲಿಲ್ಲ.

ಗುಬ್ಬಿಗೆ ನಾನೂ ಹೋದೆ. ಅದೇ ಭಾಷಣ, ಅದೇ ಶಾಲು, ಅದೇ ಕಡಲೆಕಾಯಿ ಸಿಪ್ಪೆ. ತುಮಕೂರಿನ ಸುದ್ದಿ ಕೇಳಿದ್ದವರು ದೊಡ್ಡ ನಿರೀಕ್ಷೆಯಲ್ಲಿದ್ದರು. ಕೊನೆಯ ದೃಶ್ಯದಲ್ಲಿ ಮಾವ ಬಂದು ನಿಂತು ಹಾಡಿದರು. ಹಿಮ್ಮಡಿ ಎತ್ತಿದರು, ಬಿಕ್ಕಿದರು, ಮೇಲಿನ ಸಾಲಿನಲ್ಲಿ ಗಂಟಲು ಸೀಳಿತು. ಸಿಳ್ಳೆ ಶುರುವಾಯಿತು. ಪರದೆಯವನು ಹಗ್ಗಕ್ಕೆ ಕೈ ಹಾಕಿದಾಗ ಮಾವ ಹಾಡುತ್ತಲೇ ಬೇಡವೆಂದು ಕೈ ತೋರಿಸಿದರು. ಕೂಗಾಟದ ನಡುವೆ ಹಾಡನ್ನು ಪೂರ್ತಿ ಮುಗಿಸಿ, ಕೈ ಮುಗಿದು ಇಳಿದರು.

"ಕೂಗುದ್ರು ಕಣಮ್ಮ. ಕೂಗ್ಲಿ, ನಂಗೇ ತಾನೆ ಕೂಗಿದ್ದು" ಎಂದು ವಾಪಸು ಬರುವಾಗ ಹೇಳಿದರು. ಆ ದಿನದಿಂದ ಮೊದಲಿನಂತೆ ಮಾತಾಡುತ್ತಾರೆ, ಎಲ್ಲರಿಗಿಂತ ಜಾಸ್ತಿಯೇ ಮಾತಾಡುತ್ತಾರೆ.

ಆ ನಾಟಕಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ತುಮಕೂರಿನ ಸಂಜೆಗೆ ನನ್ನಲ್ಲಿ ವಿವರಣೆಯೂ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಗುಬ್ಬಿಯಲ್ಲಿ ಮಾವ ಹಾಡು ಎತ್ತಿದಾಗ, ಸಿಳ್ಳೆ ಶುರುವಾಗುವ ಮುಂಚೆ, ನಾನು ಸದ್ದಿಲ್ಲದೆ ಎದ್ದು ವೇದಿಕೆಯ ಹಿಂದಕ್ಕೆ ಹೋಗಿದ್ದೆ. ಬಣ್ಣದ ಕೋಣೆಯ ಬಾಗಿಲು ಮುಂದಕ್ಕೆ ಹಾಕಿತ್ತು. ತಳ್ಳಿ ನೋಡಿದೆ. ಒಳಗೆ ಯಾರೂ ಇರಲಿಲ್ಲ. ಗೋಡೆಯ ಆಚೆ ಮಾವನ ಕೆಟ್ಟ ದನಿ ಕೇಳುತ್ತಿತ್ತು. ಅದು ಅಲ್ಲಿಂದಲೇ ಬರುತ್ತಿದೆ ಎಂದು ಖಚಿತವಾಗುವ ತನಕ ಬಾಗಿಲು ಹಿಡಿದು ನಿಂತಿದ್ದು, ಆಮೇಲೆ ಬಂದು ಕೂತೆ.